ಟೇಪು ಸುತ್ತಿದ ಜಾಗ

ಸೀರೆಗೆ ಫಾಲ್ ಹಚ್ಚುವವರಲ್ಲಿ ಎರಡು ಬಗೆಯ ಜನರನ್ನು ನೀವೂ ನೋಡಿರುತ್ತೀರಿ. ಒಬ್ಬರು ಹೊಲಿಗೆ ಮೇಲೆ ಕಾಣದಂತೆ ಒಂದೊಂದೇ ಎಳೆ ಹಿಡಿದು ಒತ್ತೊತ್ತಾಗಿ ಹೊಲಿಯುತ್ತಾರೆ. ಇನ್ನೊಬ್ಬರು ಬೆರಳುದ್ದದ ಹೊಲಿಗೆ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಿ, ಇಸ್ತ್ರಿ ತೀಡಿ ಕೈಗೆ ಕೊಡುತ್ತಾರೆ. ಮಡಿಸಿಟ್ಟ ಸೀರೆಗಳನ್ನು ನೋಡಿದರೆ ಯಾವುದು ಯಾರ ಕೈಯದು ಎಂದು ಹೇಳಲು ಬರುವುದಿಲ್ಲ. ಅದು ಗೊತ್ತಾಗುವುದು ಬಸ್ಸಿನ ಮೆಟ್ಟಿಲ ಮೇಲೆ, ಕಾಲುಂಗುರ ಫಾಲಿಗೆ ಸಿಕ್ಕಿಕೊಂಡಾಗ. ಹೊಲಿದವರು ಆಗ ಅಲ್ಲಿರುವುದಿಲ್ಲ. ಮುಗ್ಗರಿಸಿದವರು ಮಾತ್ರ ಇರುತ್ತಾರೆ.

ಯಾರಿಗೂ ಕಾಣದ ಜಾಗದಲ್ಲೂ ಕೆಲಸವನ್ನು ಚೆನ್ನಾಗಿ ಮಾಡಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ, ಮನೆಯಲ್ಲಿ ಅಜ್ಜಿ ಹೇಳಿಕೊಟ್ಟಿದ್ದಾಳೆ. ಆದರೆ ಏಕೆ ಮಾಡಬೇಕು? ಈ ‘ಏಕೆ’ಗೆ ಸರಿಯಾದ ಉತ್ತರವನ್ನು ಯಾರೂ ಹೇಳಿದ ನೆನಪಿಲ್ಲ. ನನ್ನನ್ನು ಈ ಪ್ರಶ್ನೆ ನಿಜವಾಗಿ ಹಿಡಿದುಕೊಂಡದ್ದು ಸೀರೆಯಿಂದಲ್ಲ, ಕಾರಿನ ತಂತಿಗಳಿಂದ. ಕಾರು, ತಂತಿ ಎಂದ ಕೂಡಲೇ ‘ಇದು ಗಂಡಸರ ವಿಷಯ’ ಎಂದು ಪುಟ ಮಗುಚಬೇಡಿ. ಮಿಕ್ಸಿಯ ಪ್ಲಗ್ಗು ಬಿಸಿಯಾದರೆ, ಗ್ರೈಂಡರಿನ ವಯರು ವಾಸನೆ ಬಂದರೆ ಮನೆಯಲ್ಲಿ ಮೊದಲು ಗೊತ್ತಾಗುವುದು ನಮ್ಮ ಮೂಗಿಗೇ ಅಲ್ಲವೇ? ಕಾರಿನ ಕಥೆಯೂ ಅದಕ್ಕಿಂತ ಬೇರೆಯಲ್ಲ.

ನಾನಿರುವುದು ಮಂಡ್ಯದಲ್ಲಿ. ತಾಯಿಯ ಮನೆ ಮಳವಳ್ಳಿ. ವಾರಕ್ಕೊಮ್ಮೆಯಾದರೂ ಹೋಗಿ ಬರಲೇಬೇಕು. ಅಮ್ಮನಿಗೆ ಎಂಬತ್ತು ದಾಟಿದೆ, ಕಣ್ಣಿನ ತಪಾಸಣೆಗೋ ಸಕ್ಕರೆ ಕಾಯಿಲೆಯ ಪರೀಕ್ಷೆಗೋ ಮಂಡ್ಯಕ್ಕೆ ಕರೆತರುವುದು, ಮತ್ತೆ ಬಿಟ್ಟುಬರುವುದು ನನ್ನ ಕೆಲಸ. ನಲವತ್ತು ದಾಟಿದ ಮೇಲೆ ಕಾರು ಕಲಿತವಳು ನಾನು. ಮನೆಯ ಹಳೆಯ ಕಾರು ನನ್ನ ಪಾಲಿಗೆ ಬಂದಿದೆ. ಮಂಡ್ಯದಿಂದ ಮದ್ದೂರು, ಮದ್ದೂರಿನಲ್ಲಿ ಬಲಕ್ಕೆ ತಿರುಗಿ ಕೆ.ಎಂ. ದೊಡ್ಡಿ, ಅಲ್ಲಿಂದ ಮಳವಳ್ಳಿ. ಈ ದಾರಿ ಬಲ್ಲವರಿಗೆ ಗೊತ್ತು, ಕೆ.ಎಂ. ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುವ ಕಾಲದಲ್ಲಿ ಸಂಜೆಯಾದರೆ ಸಾಕು, ಎತ್ತಿನ ಗಾಡಿ, ಟ್ರಾಕ್ಟರು, ಲಾರಿಗಳು ಕಬ್ಬು ಹೇರಿಕೊಂಡು ಸಾಲುಗಟ್ಟುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ಹೊರಗೆ ಚಾಚಿಕೊಂಡ ಕಬ್ಬಿನ ಸೋಗೆ ನಮ್ಮ ದೀಪದ ಬೆಳಕಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ದಾರಿಯಲ್ಲಿ ಕಾರಿನ ಮುಂದಿನ ದೀಪವೆಂದರೆ ಅಲಂಕಾರವಲ್ಲ, ಪ್ರಾಣ.

2024ರ ಶ್ರಾವಣದಲ್ಲಿ ಆ ದೀಪಗಳು ಮಿಣುಕತೊಡಗಿದವು. ಹೊಂಡಕ್ಕೆ ಇಳಿದರೆ ಮಂಕು, ಏರಿದರೆ ಸರಿ. ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅಲ್ಲಿನವರು ಬಾನೆಟ್ಟು ಎತ್ತಿ, ಒಂದು ಕಾಲು ಗಂಟೆಯಲ್ಲಿ ಬಗ್ಗಿ ಎದ್ದು, ದೀಪ ಹಾಕಿ ತೋರಿಸಿದರು. ಧಗಧಗನೆ ಉರಿಯಿತು. “ಇನ್ನು ಹತ್ತು ವರ್ಷ ಇದರ ಕಡೆ ನೋಡಬೇಕಾಗಿಲ್ಲ ಮೇಡಂ” ಎಂದರು. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, “ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ” ಎಂದು ನಕ್ಕರು. ಹಣ ಕೊಟ್ಟು ಬಂದೆ.

ಹತ್ತು ವರ್ಷ ಇಪ್ಪತ್ತು ದಿನಕ್ಕೇ ಮುಗಿಯಿತು. ಅಮ್ಮನನ್ನು ಮಳವಳ್ಳಿಗೆ ಬಿಡಲು ಹೊರಟ ಒಂದು ಸಂಜೆ ಮದ್ದೂರು ದಾಟುವ ಹೊತ್ತಿಗೆ ಕತ್ತಲಾಗಿ ಜಡಿಮಳೆ ಹಿಡಿಯಿತು. ಕೆ.ಎಂ. ದೊಡ್ಡಿಗೆ ಇನ್ನೂ ಎರಡು ಮೂರು ಮೈಲಿ ಇರುವಾಗ ಎರಡೂ ದೀಪಗಳು ಒಟ್ಟಿಗೇ ಮಂಕಾಗುತ್ತಾ ಬಂದು, ಕೊನೆಗೆ ಎಣ್ಣೆ ತೀರಿದ ಹಣತೆಯ ಕುಡಿಯ ಹಾಗೆ ಕೆಂಪಗೆ ಉಳಿದವು. ಎದುರಿಗೆ ಏನೂ ಕಾಣದು. ಹಿಂದೆ ಲಾರಿಯ ಹಾರನ್ನು. ಬದಿಗೆ ನಿಲ್ಲಿಸೋಣವೆಂದರೆ ರಸ್ತೆಯ ಅಂಚು ಎಲ್ಲಿ, ಗದ್ದೆಯ ಕಾಲುವೆ ಎಲ್ಲಿ ಎಂಬುದೇ ತಿಳಿಯದು. ಅಮ್ಮ ಏನೂ ಮಾತಾಡಲಿಲ್ಲ. ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಆಗ ನಮ್ಮನ್ನು ದಾಟಿ ಮುಂದೆ ಬಂದ ಒಂದು ಖಾಲಿ ಟ್ರಾಕ್ಟರಿನವರು ನಿಲ್ಲಿಸಿ, ವಿಷಯ ಕೇಳಿ, “ನನ್ ಹಿಂದೆ ಬನ್ನಿ ಕನಕ್ಕ” ಎಂದು ಎತ್ತಿನ ಗಾಡಿಯ ವೇಗದಲ್ಲಿ ದೊಡ್ಡಿಯ ತನಕ ದಾರಿ ತೋರಿಸಿದರು. ಅವರ ಹೆಸರು ಕೇಳುವಷ್ಟು ಪ್ರಜ್ಞೆ ನನಗಿರಲಿಲ್ಲ.

ಮರುದಿನ ಹಗಲಿನಲ್ಲಿ ಕಾರನ್ನು ಮದ್ದೂರಿಗೆ ತಂದೆ. ಹಳೆಯ ಬೆಂಗಳೂರು-ಮೈಸೂರು ರಸ್ತೆಯ ಬದಿಯಲ್ಲಿ ವಾಹನಗಳ ವೈರಿಂಗ್ ಕೆಲಸವನ್ನಷ್ಟೇ ಮಾಡುವ ಒಂದು ಸಣ್ಣ ಅಂಗಡಿ. 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮದ್ದೂರಿನ ಪೇಟೆಯೊಳಗೆ ದೂರದ ವಾಹನಗಳು ಬರುವುದು ಕಡಿಮೆಯಾಗಿದೆ. ಎಳನೀರು ಮಾರುಕಟ್ಟೆಗೆ ಬರುವ ಗಾಡಿಗಳು, ಊರಿನ ಆಟೋಗಳು, ನನ್ನಂಥ ಅಕ್ಕಪಕ್ಕದವರು, ಇಷ್ಟೇ ಅವನ ಗಿರಾಕಿಗಳು. ಮೂವತ್ತೈದರ ಆಸುಪಾಸಿನ ಯುವಕ. ಗಡಿಬಿಡಿಯಿಲ್ಲ. ಕೆಲಸ ಮಾಡುತ್ತಾ ಮಾತಾಡುವುದು ಅವನ ಅಭ್ಯಾಸ. ನನಗೂ ಕುತೂಹಲ. ಅಂದು ಎರಡು ಗಂಟೆ ಅವನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕಲಿತದ್ದನ್ನು ನಿಮಗೂ ಹೇಳಬೇಕು, ಏಕೆಂದರೆ ವಿಚಾರವೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಕಾರಿನ ಬ್ಯಾಟರಿ 12 ವೋಲ್ಟಿನದು. ನಮ್ಮ ಮನೆಯ ಕರೆಂಟು 230. ಕಾರಿನದು ಅಷ್ಟು ಕಡಿಮೆಯಾದ್ದರಿಂದ ಅಲ್ಲಿ ಕೂಡಿಕೆ ಹೇಗಿದ್ದರೂ ನಡೆಯುತ್ತದೆ ಎಂದು ನಾನು ತಿಳಿದಿದ್ದೆನಲ್ಲ, ವಿಷಯ ತಿರುಗಾಮುರುಗ. 60 ವ್ಯಾಟಿನ ಬಲ್ಬು ಮನೆಯಲ್ಲಿ ಎಳೆಯುವುದು ಸುಮಾರು ಕಾಲು ಆಂಪಿಯರು. ಅದೇ 60 ವ್ಯಾಟಿನ ದೀಪ ಕಾರಿನಲ್ಲಿ ಉರಿಯಬೇಕಾದರೆ 5 ಆಂಪಿಯರು ಹರಿಯಬೇಕು. ಒತ್ತಡ ಕಡಿಮೆ, ಹರಿವು ಹೆಚ್ಚು. ಕಾಲುವೆಯ ನೀರನ್ನು ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರು ಕಡಿಮೆ ಇರುವ ಕಾಲುವೆಯಲ್ಲಿ ಒಂದು ಹಿಡಿ ಕಸ ಅಡ್ಡ ಬಿದ್ದರೂ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ತಂತಿಯ ಕೂಡಿಕೆಯಲ್ಲಿ ಒಂದೇ ಒಂದು ಓಮಿನಷ್ಟು ಅಡ್ಡಿ ಹುಟ್ಟಿದರೆ ದೀಪದ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಳೆದುಹೋದ ಶಕ್ತಿ ಎಲ್ಲೂ ಹೋಗುವುದಿಲ್ಲ, ಆ ಕೂಡಿಕೆಯಲ್ಲೇ ಶಾಖವಾಗುತ್ತದೆ. ಶಾಖಕ್ಕೆ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ, ಲೋಹದ ಹಿಡಿತ ಸಡಿಲವಾಗುತ್ತದೆ. ಸಡಿಲವಾದಷ್ಟೂ ಮತ್ತೆ ಶಾಖ.

ಇನ್ನೊಂದು ವಿಷಯ. ದೀಪಕ್ಕೆ ಹೋಗುವ ತಂತಿಯೊಂದಿದ್ದರೆ ಸಾಲದು, ಹರಿದದ್ದು ಹಿಂತಿರುಗಿ ಬರಬೇಕು. ಕಾರಿನಲ್ಲಿ ಹಿಂತಿರುಗುವ ದಾರಿ ಕಾರಿನ ಕಬ್ಬಿಣದ ಮೈಯೇ. ಅದನ್ನು ಅರ್ಥ್ ಎನ್ನುತ್ತಾರೆ. ನನ್ನ ಕಾರಿನಲ್ಲಿ ಎರಡೂ ದೀಪಗಳ ಹಿಂತಿರುಗುವ ತಂತಿಗಳು ಒಂದೇ ಕಡೆ ಸೇರಿ, ಒಂದು ಕಪ್ಲರಿನ ಮೂಲಕ ಮೈಗೆ ಅಂಟಿಕೊಂಡಿದ್ದವು. ಕಪ್ಲರ್ ಎಂದರೆ ಗಂಡು-ಹೆಣ್ಣು ಎರಡು ಭಾಗಗಳ ಪ್ಲಾಸ್ಟಿಕ್ ಡಬ್ಬಿ. ಒಂದರೊಳಗೆ ಇನ್ನೊಂದನ್ನು ತಳ್ಳಿದರೆ ‘ಟಿಕ್’ ಎಂದು ಕೂಡಿಕೊಳ್ಳುತ್ತದೆ. ಆ ಹುಡುಗ ಅದನ್ನು ಹುಡುಕಿ ಹೊರಕ್ಕೆಳೆದ. ಕಪ್ಲರೇ ಇರಲಿಲ್ಲ. ಹಿಂದಿನವರು ಅದನ್ನು ಕತ್ತರಿಸಿ ಬಿಸಾಕಿ, ತಂತಿಗಳ ತುದಿಗಳನ್ನು ಕೈಯಲ್ಲೇ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿದ್ದರು. ಹೊರಗಿನಿಂದ ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಟೇಪು ಬಿಚ್ಚಿದ ಕೂಡಲೇ ಹಸಿರು ಪುಡಿ ಉದುರಿತು. ದೇವರ ಮನೆಯ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತೊಳೆಯದೆ ಬಿಟ್ಟರೆ ಹಿಡಿಯುತ್ತದಲ್ಲ, ಅದೇ ಕಿಲುಬು. ಇಂಜಿನ್ನಿನ ಬಿಸಿಗೆ ಟೇಪಿನ ಅಂಟು ಕರಗಿ ಸಂದಿನಲ್ಲಿ ನೀರು ಇಳಿದಿತ್ತು. ಇಳಿದ ನೀರಿಗೆ ಹೊರಗೆ ಬರಲು ದಾರಿ ಇರಲಿಲ್ಲ. “ಟೇಪು ಸುತ್ತದೆ ಅಂಗೇ ಬುಟ್ಟಿದ್ರೂ ಒಸಿ ಗಾಳಿ ಆಡಿ ಒಣಗ್ತಿತ್ತು” ಎಂದ ಅವನು.

ಅವನ ಬಳಿ ಮೀಟರಿತ್ತು. ಅದನ್ನು ಹಚ್ಚಿದಾಗ ಬ್ಯಾಟರಿಯ ವೋಲ್ಟು ಪೂರ್ತಿ ತೋರಿಸಿತು. ಎಲ್ಲ ಸರಿಯಾಗಿಯೇ ಇದೆಯಲ್ಲ ಎಂದೆ. ಅವನು ನಕ್ಕು, ಎರಡು ತಂತಿ ಕಟ್ಟಿದ ಒಂದು ಹಳೆಯ ಹೆಡ್‌ಲೈಟ್ ಬಲ್ಬನ್ನು ತಂದು ಅದೇ ಜಾಗಕ್ಕೆ ಹಚ್ಚಿದ. ಬಲ್ಬು ಹತ್ತಲಿಲ್ಲ, ಮೀಟರಿನ ಮುಳ್ಳು ಸರ್ರನೆ ಕೆಳಗಿಳಿಯಿತು. “ಇದ್ರಲ್ಲಿ ಒಂದೇ ಒಂದು ಎಳೆ ತಾಮ್ರ ಉಳ್ಕಂಡಿದ್ರೂ ಮೀಟ್ರು ಪೂರ್ತಿ ತೋರುಸ್ತದೆ ಕನಕ್ಕ. ಕೆಲ್ಸ ಕೊಟ್ಟು ನೋಡ್ಬೇಕು. ಆಗ್ಲೇ ಗೊತ್ತಾಗದು.”

ಮುಂದಿನದು ರಿಪೇರಿ. ತಂತಿಯ ತುದಿಯನ್ನು ಕತ್ತರಿಸಿದ. ಒಳಗೆ ತಾಮ್ರ ಕಪ್ಪಗಿತ್ತು. ಇನ್ನೊಂದಿಷ್ಟು ಕತ್ತರಿಸಿದ. ಇನ್ನೂ ಕಪ್ಪು. ಹೀಗೆ ಬೆರಳಿನಷ್ಟು ಕತ್ತರಿಸಿದ ಮೇಲೆ ಹೊಸ ಬಿಂದಿಗೆಯ ಹಾಗೆ ಹೊಳೆಯುವ ತಾಮ್ರ ಕಂಡಿತು. ಅಲ್ಲಿಗೆ ನಿಲ್ಲಿಸಿದ. ಹೊಸ ಟರ್ಮಿನಲ್ಲಿಗೆ ಎರಡು ಜೊತೆ ಕಿವಿಗಳಿರುತ್ತವೆ. ಮುಂದಿನ ಜೊತೆ ತಾಮ್ರವನ್ನು ಹಿಡಿಯುತ್ತದೆ. ಹಿಂದಿನ ಜೊತೆ ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿಯುತ್ತದೆ. ಗಾಡಿ ಕುಲುಕಿದಾಗ ಎಳೆತವನ್ನೆಲ್ಲ ಹೊದಿಕೆ ತಾಳಿಕೊಳ್ಳಲಿ, ತಾಮ್ರದ ಮೇಲೆ ಬೀಳದಿರಲಿ ಎಂದು ಈ ವ್ಯವಸ್ಥೆ. ಅದಕ್ಕೆಂದೇ ಇರುವ ಇಕ್ಕಳದಿಂದ ಎರಡನ್ನೂ ಬೇರೆಬೇರೆಯಾಗಿ ಒತ್ತಿದ. ಆಮೇಲೆ ತಂತಿಯನ್ನು ಹಿಡಿದು ಜೋರಾಗಿ ಎಳೆದು ನೋಡಿದ. ಬರಲಿಲ್ಲ. ರಬ್ಬರಿನ ಸೀಲು ಕೂರಿಸಿದ, ಒಳಗೆ ಒಂದಿಷ್ಟು ಜೆಲ್ಲಿ ಸವರಿದ, ಕಪ್ಲರನ್ನು ‘ಟಿಕ್’ ಎನ್ನಿಸಿದ. ಕಾರಿನ ಮೈಗೆ ಅಂಟುವ ಜಾಗದ ಬಣ್ಣವನ್ನೂ ತುಕ್ಕನ್ನೂ ಅರದಿಂದ ಕೆರೆದು ಬಿಳಿ ಕಬ್ಬಿಣ ಕಾಣಿಸಿ ಬೋಲ್ಟು ಬಿಗಿದ. ಎಲ್ಲ ಮುಗಿದ ಮೇಲೆ ನೋಡಿದರೆ ಕಾಣುವಂಥದ್ದು ಏನೂ ಇರಲಿಲ್ಲ. ಬಾನೆಟ್ಟು ಮುಚ್ಚಿದರೆ ಅದೂ ಇಲ್ಲ.

ಹಿಂದಿನವರನ್ನು ನಾನು ಬೈಯತೊಡಗಿದೆ. ಅವನು ಸೇರಲಿಲ್ಲ. ಕೈ ಒರೆಸಿಕೊಳ್ಳುತ್ತಾ ಹೇಳಿದ: “ಟೇಪು ಸುತ್ತದು ತೆಪ್ಪಲ್ಲ ಕನಕ್ಕ. ರಾತ್ರಿ ಹೊತ್ತು ದಾರೀಲಿ ನಿಂತೋದ್ರೆ ನಾನೂ ಟೇಪೇ ಸುತ್ತದು. ‘ಊರು ಸೇರ್ಕಳ ಗಂಟ ಇದು, ಆಮೇಲೆ ಬಿಚ್ಚಿ ಮಾಡುಸ್ಕಳಿ’ ಅಂತ ಒಂದ್ ಮಾತು ಯೋಳ್ಬೇಕಿತ್ತು. ಅಷ್ಟೆಯ.”

ಮನೆಗೆ ಬಂದ ಮೇಲೂ ಈ ಮಾತು ನನ್ನನ್ನು ಬಿಡಲಿಲ್ಲ. ನಾವು ಸಾಮಾನ್ಯವಾಗಿ ಒಳ್ಳೆಯ ಕೆಲಸ, ಕೆಟ್ಟ ಕೆಲಸ ಎಂದು ಭಾಗ ಮಾಡುತ್ತೇವೆ. ಗಟ್ಟಿ ಮಾಡಿದವನು ಪ್ರಾಮಾಣಿಕ, ತೇಪೆ ಹಾಕಿದವನು ಮೋಸಗಾರ. ಅವನು ಭಾಗ ಮಾಡಿದ್ದು ಬೇರೆ ಥರ. ತೇಪೆ ತೇಪೆಯೇ. ಅದರಲ್ಲಿ ಪಾಪವಿಲ್ಲ. ತೇಪೆಯನ್ನು ಹೊಸ ಬಟ್ಟೆ ಎಂದು ಹೇಳಿದಾಗ ಪಾಪ ಶುರುವಾಗುತ್ತದೆ. ಅದೇ ಟೇಪು, ಅದೇ ಹೊಸೆದ ತಂತಿ. ‘ಊರು ಸೇರುವ ತನಕ’ ಎಂದರೆ ಉಪಕಾರ, ‘ಹತ್ತು ವರ್ಷ ನೋಡಬೇಕಾಗಿಲ್ಲ’ ಎಂದರೆ ಅಪಕಾರ. ಮೊದಲನೆಯ ಮಾತು ಕೇಳಿದ್ದರೆ ನಾನು ಅಂದು ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಹೊರಡುತ್ತಿರಲಿಲ್ಲ, ಬೆಳಿಗ್ಗೆಯ ತನಕ ಕಾಯುತ್ತಿದ್ದೆ. ನಾನು ಆರಿಸಿಕೊಳ್ಳಬೇಕಾದದ್ದನ್ನು ನನಗೆ ತಿಳಿಯದಂತೆ ಮತ್ತೊಬ್ಬರು ಆರಿಸಿಬಿಟ್ಟಿದ್ದರು. ‘ನಿಮಗೆ ಗೊತ್ತಾಗಲ್ಲ ಬಿಡಿ’ ಎಂಬ ನಗೆಯ ಒಳಗೆ ಇದ್ದದ್ದು ಇದೇ. ಹೆಂಗಸರು ಈ ಮಾತನ್ನು ಎಷ್ಟು ಕಡೆ ಕೇಳಿದ್ದೇವೆ! ಬ್ಯಾಂಕಿನ ಕಾಗದದ ಮುಂದೆ, ಆಸ್ಪತ್ರೆಯ ಚೀಟಿಯ ಮುಂದೆ, ಆಸ್ತಿಯ ಪತ್ರದ ಮುಂದೆ. ಗೊತ್ತಾಗುವುದಿಲ್ಲ ಎಂದು ಹೇಳುವವರಲ್ಲಿ ಹೆಚ್ಚಿನವರು ನಮಗೆ ಗೊತ್ತಾಗಲು ಬಿಡದವರೇ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕಾಣದ ಜಾಗದಲ್ಲಿ ಏಕೆ ಚೆನ್ನಾಗಿ ಮಾಡಬೇಕು? ದೇವರು ನೋಡುತ್ತಾನೆ ಎನ್ನುವುದು ಅಜ್ಜಿಯ ಉತ್ತರ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ಎಷ್ಟೋ ಜನರನ್ನು ಅದು ನೆಟ್ಟಗೆ ಇಟ್ಟಿದೆ. ಆದರೆ ದೇವರ ಪಟಕ್ಕೆ ಊದುಬತ್ತಿ ಹಚ್ಚಿಯೇ ತಂತಿ ಹೊಸೆದು ಟೇಪು ಸುತ್ತುವವರೂ ಇದ್ದಾರೆ. ದೇವರಿಗೆ ಕಾಣಿಕೆ ಹಾಕಿ ಲೆಕ್ಕ ಚುಕ್ತಾ ಮಾಡಬಹುದು ಎಂಬ ನಂಬಿಕೆಯೂ ಅದರ ಪಕ್ಕದಲ್ಲೇ ಕುಳಿತಿರುತ್ತದೆ. ಸಿಕ್ಕಿಬೀಳುತ್ತೇವೆ ಎಂಬ ಭಯ ಎರಡನೆಯ ಉತ್ತರ. ಅದೂ ಪೂರ್ತಿ ನಿಲ್ಲದು. ಹೆದ್ದಾರಿಯ ಬದಿಯ ಅಂಗಡಿಗೆ ಬಂದ ಗಿರಾಕಿ ಮತ್ತೆ ಈ ಜನ್ಮದಲ್ಲಿ ಬರುವುದಿಲ್ಲ. ದಾರಿಹೋಕರೇ ಗಿರಾಕಿಗಳಾದಾಗ ಭಯಕ್ಕೆ ಏನು ಬೆಲೆ? ಕೆಲಸದ ಮೇಲಿನ ಅಭಿಮಾನ ಮೂರನೆಯ ಉತ್ತರ. ಇದು ಅಜ್ಜಿಯ ಉತ್ತರದಷ್ಟೇ ದೊಡ್ಡದು. ನನ್ನ ಮದ್ದೂರಿನ ಹುಡುಗನಲ್ಲಿ ಅದು ಇದ್ದೇ ಇದೆ, ತಂತಿಯನ್ನು ಎಳೆದು ನೋಡುವಾಗ ಅವನ ಮುಖ ನೋಡಬೇಕಿತ್ತು. ಆದರೆ ಅಭಿಮಾನ ಎಲ್ಲರಿಗೂ ಸಿಗುವ ವಸ್ತುವಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಬೇರೆಯವರ ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಯಜಮಾನ ‘ಬೇಗ ಮುಗಿಸು’ ಎಂದು ಕೂಗುತ್ತಿರುವಾಗ ಅಭಿಮಾನ ಎಲ್ಲಿಂದ ಬರಬೇಕು?

ಹಾಗಾದರೆ ಉಳಿಯುವುದು ಯಾವುದು? ನನಗೆ ತೋರುವುದು ಇಷ್ಟು. ಕಾಣುವ ಕೆಲಸದಲ್ಲಿ ತಪ್ಪಿದ್ದರೆ ನೋಡುವವರು ತಮ್ಮನ್ನು ತಾವು ಕಾಪಾಡಿಕೊಳ್ಳಬಹುದು. ಬಣ್ಣ ಸರಿಯಿಲ್ಲದಿದ್ದರೆ ಸೀರೆಯನ್ನು ಬೇಡವೆನ್ನುತ್ತೇವೆ, ತರಕಾರಿ ಕೊಳೆತಿದ್ದರೆ ಬುಟ್ಟಿಗೆ ಹಾಕಿಕೊಳ್ಳುವುದಿಲ್ಲ. ಕಾಣದ ಜಾಗದಲ್ಲಿ ಆ ಕಾವಲು ಇರುವುದಿಲ್ಲ. ಅಲ್ಲಿ ಒಬ್ಬರು ಇನ್ನೊಬ್ಬರ ಕೈಗೆ ಪೂರ್ತಿ ಸಿಕ್ಕಿರುತ್ತಾರೆ, ನಿದ್ದೆ ಮಾಡುವ ಮಗುವಿನ ಹಾಗೆ. ಆದ್ದರಿಂದ ಯಾರೂ ನೋಡದ ಕಡೆ ನಮ್ಮ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ನಾವು ನಡೆದುಕೊಳ್ಳುವುದು ಮಾತ್ರ ತದ್ವಿರುದ್ಧವಾಗಿ. ಕಾಣುವ ಕಡೆ ಪಾಲಿಶ್, ಕಾಣದ ಕಡೆ ಟೇಪು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರುತ್ತದೆ. ಗಟ್ಟಿ ಕೆಲಸಕ್ಕೆ ಹೊತ್ತು ಬೇಕು, ಹಣ ಬೇಕು. ಎರಡು ಗಂಟೆ ಬಗ್ಗಿ ಮಾಡಿದ ಕೆಲಸಕ್ಕೆ ಆ ಹುಡುಗ ಕೇಳಿದ್ದನ್ನು ನೋಡಿ ನನ್ನ ಹಿಂದೆ ನಿಂತಿದ್ದ ಆಟೋದವನು, “ಒಂದು ವಯರಿಗೆ ಇಷ್ಟಾ?” ಎಂದ. ಹೊಸ ದೀಪ ಹಾಕಿಸಿ ಇಷ್ಟೇ ಹಣ ಕೊಟ್ಟಿದ್ದರೆ ಅವನು ಹಾಗೆ ಕೇಳುತ್ತಿರಲಿಲ್ಲ. ಕಣ್ಣಿಗೆ ಕಾಣುವುದಕ್ಕೆ ಹಣ ಕೊಡುತ್ತೇವೆ, ಕಾಣದಿರುವುದಕ್ಕೆ ಚೌಕಾಸಿ ಮಾಡುತ್ತೇವೆ. ಆಟೋದವನನ್ನೂ ಬೈಯಲಾರೆ, ಅವನ ಅಂದಿನ ಸಂಪಾದನೆಯೇ ಅಷ್ಟಿರಬಹುದು. ಬಡವನ ಗಾಡಿ ತೇಪೆಯ ಮೇಲೆಯೇ ಓಡುತ್ತದೆ, ಬಡವನ ಮನೆಯೂ ಹಾಗೆಯೇ. ಅದಕ್ಕೇ ಆ ‘ಒಂದು ಮಾತು’ ದೊಡ್ಡದಾಗುತ್ತದೆ. ಗಟ್ಟಿ ಕೆಲಸ ಮಾಡಿಸಲು ಹಣ ಬೇಕು ನಿಜ, ನಿಜ ಹೇಳಲು ಏನು ಖರ್ಚಿದೆ? ತೇಪೆ ಹಾಕಿಸಿಕೊಂಡ ಬಡವನಿಗೆ ಅದು ತೇಪೆ ಎಂದು ಗೊತ್ತಿದ್ದರೆ ಹೊಂಡ ಬಂದಾಗ ನಿಧಾನಿಸುತ್ತಾನೆ, ರಾತ್ರಿ ಹೊರಡುವುದಿಲ್ಲ. ಅಷ್ಟು ರಕ್ಷಣೆಯಾದರೂ ಅವನಿಗೆ ಸಲ್ಲಬೇಡವೇ?

ಮಳವಳ್ಳಿಯವಳಾದ ನನಗೆ ತಂತಿ ಎಂದಾಗ ಶಿವನಸಮುದ್ರ ನೆನಪಾಗದೆ ಹೋಗುವುದಿಲ್ಲ. ನಮ್ಮ ತಾಲ್ಲೂಕಿನದೇ ಜಾಗ. 1902ರಲ್ಲಿ ಅಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿಸಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ದಾರಿಗಳಲ್ಲಿ ಅದೊಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದರಿಂದಲೇ ದೀಪ ಬಂತು. ಯೋಜನೆಯ ಬೆನ್ನಿಗೆ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು, ಅದು ಹತ್ತಿದ್ದನ್ನು ಅವರು ನೋಡಲಿಲ್ಲ. ಅವರ ಹೆಸರಾದರೂ ಇತಿಹಾಸದಲ್ಲಿದೆ. ಕಾಡು ಬಯಲು ಹಾಯ್ದು ಹೋದ ಆ ತಂತಿಗಳ ಒಂದೊಂದು ಕೂಡಿಕೆಯನ್ನೂ ಬಿಗಿದವರ ಹೆಸರು ಯಾರಿಗೂ ಗೊತ್ತಿಲ್ಲ. ಆ ತಂತಿ ಹೋದದ್ದು ಮೊದಲು ಚಿನ್ನಕ್ಕೆ, ಆಮೇಲೆ ರಾಜಧಾನಿಗೆ. ಜಲಪಾತದ ಸುತ್ತಲ ಹಳ್ಳಿಗಳ ಗುಡಿಸಲಿಗೆ ದೀಪ ಬರಲು ದಶಕಗಳೇ ಹಿಡಿದವು. ತಂತಿ ಬಿಗಿದವರಲ್ಲಿ ಎಷ್ಟೋ ಜನ ಸಂಜೆ ಮನೆಗೆ ಹೋಗಿ ಹರಳೆಣ್ಣೆಯ ದೀಪದಲ್ಲಿ ಮುದ್ದೆ ಉಂಡಿರಬೇಕು. ಆದರೂ ಆ ಕೂಡಿಕೆಗಳು ಹಿಡಿದು ನಿಂತವು. ಒಂದೇ ಒಂದು ಸಡಿಲವಾಗಿದ್ದರೂ ಆ ದಾರಿಗೆ ತೊಂದರೆಯಾಗುತ್ತಿತ್ತು. ತಮಗೆ ಸಿಗದ ಬೆಳಕಿಗಾಗಿ ಗಟ್ಟಿಯಾಗಿ ಬಿಗಿದ ಆ ಕೈಗಳನ್ನು ನೆನೆದಾಗ, ನ್ಯಾಯ ಬೇರೆ, ಒಳ್ಳೆಯತನ ಬೇರೆ ಎನ್ನಿಸುತ್ತದೆ. ಅವರಿಗೆ ನ್ಯಾಯ ಸಿಗಲಿಲ್ಲ. ಅವರ ಕೆಲಸ ಒಳ್ಳೆಯದೇ ಆಗಿತ್ತು.

ಇಷ್ಟೆಲ್ಲ ಯೋಚಿಸುವಾಗ ನನ್ನನ್ನು ಹೆಚ್ಚು ಕಲಕಿದ್ದು ಕಾರಲ್ಲ. ಮೀಟರಿನ ಆ ಮುಳ್ಳು. ಕೆಲಸ ಕೊಡದಿದ್ದಾಗ ಒಂದೇ ಎಳೆಯ ತಂತಿಯೂ ಪೂರ್ತಿ ತೋರಿಸುತ್ತದೆ. ಎಷ್ಟು ಮನೆಗಳಲ್ಲಿ ನಾವು ಇದನ್ನು ಕಂಡಿಲ್ಲ! ಮದುವೆಮನೆಯ ಫೋಟೋಗಳಲ್ಲಿ ಎಲ್ಲ ಸಂಬಂಧಗಳೂ ಹನ್ನೆರಡಕ್ಕೆ ಹನ್ನೆರಡು ವೋಲ್ಟು. ಭಾರ ಬಿದ್ದಾಗ, ಒಬ್ಬರು ಹಾಸಿಗೆ ಹಿಡಿದಾಗ, ಸಾಲ ಬಂದಾಗ, ಒಂದು ಸತ್ಯವನ್ನು ಹೇಳಬೇಕಾಗಿ ಬಂದಾಗ ಮುಳ್ಳು ಇಳಿಯುತ್ತದೆ.

ನನ್ನ ಪರಿಚಯದ ಒಂದು ಮನೆಯ ಮಗಳು ಮದುವೆಯಾದ ಎರಡು ವರ್ಷಗಳಲ್ಲಿ ಮೂರು ಸಲ ತವರಿಗೆ ಬಂದಳು. ಮೂರು ಸಲವೂ ಹಿರಿಯರು ಕುಳಿತು, ‘ಹೊಂದಿಕೊಂಡು ಹೋಗಮ್ಮ, ಎಲ್ಲರ ಮನೆ ದೋಸೆಯೂ ತೂತೇ’ ಎಂದು ಸಮಾಧಾನ ಹೇಳಿ, ಸೀರೆ ಕುಪ್ಪಸ ಕೊಟ್ಟು, ಕಾರಿನಲ್ಲಿ ಕೂರಿಸಿ ಕಳಿಸಿದರು. ಕಳಿಸುವಾಗ ಎಲ್ಲರ ಮುಖದಲ್ಲೂ ನೆಮ್ಮದಿ. ಟೇಪು ಅಚ್ಚುಕಟ್ಟಾಗಿ ಕೂತಿತ್ತು. ನಾಲ್ಕನೆಯ ಸಲ ಬಂದಾಗ ಅವಳು ಅಳಲಿಲ್ಲ, ಮಾತೂ ಆಡಲಿಲ್ಲ. ಮನೆಯ ಅಜ್ಜಿ ಮಾತ್ರ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, “ಈಗ ಬಿಚ್ಚಿ ಹೇಳು” ಎಂದರು. ಬಿಚ್ಚಿ ಹೇಳು! ನಮ್ಮ ಮಾತಿನಲ್ಲೇ ಈ ಜ್ಞಾನ ಇದೆ ನೋಡಿ. ಹೊರಗೆ ಬಂದದ್ದು ಹೊಡೆತ ಬಡಿತವಲ್ಲ. ಗಂಡ ಚೀಟಿ ವ್ಯವಹಾರದಲ್ಲಿ ಕಳೆದುಕೊಂಡ ಹಣ, ಅದನ್ನು ಮುಚ್ಚಲು ಮಾಡಿದ ಸಾಲ, ಸಾಲಕ್ಕೆ ಅಡವಾದ ಇವಳ ಒಡವೆ, ಯಾರಿಗೂ ಹೇಳಬಾರದೆಂಬ ಆಣೆ. ಎರಡು ವರ್ಷದ ಕಿಲುಬು. ಮೊದಲನೆಯ ಸಲವೇ ಯಾರಾದರೂ ಬಿಚ್ಚಿ ನೋಡಿದ್ದರೆ ಅಷ್ಟು ದೂರ ಹಬ್ಬುತ್ತಿರಲಿಲ್ಲ.

ಈಗ ಅವರಿಬ್ಬರೂ ಮಂಡ್ಯದಲ್ಲಿ ಸಣ್ಣ ಬಾಡಿಗೆ ಮನೆಯಲ್ಲಿದ್ದಾರೆ. ಅವಳೂ ಕೆಲಸಕ್ಕೆ ಹೋಗುತ್ತಾಳೆ, ಸಾಲ ತಿಂಗಳು ತಿಂಗಳು ತೀರುತ್ತಿದೆ. ಎಲ್ಲ ಸುಖಾಂತವಾಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾನೂ ಟೇಪು ಸುತ್ತಿದಂತಾಗುತ್ತದೆ. ಇನ್ನೊಂದು ಮನೆಯಲ್ಲಿ ಬಿಚ್ಚಿ ನೋಡಿದಾಗ ಹೊಳೆಯುವ ತಾಮ್ರ ಎಲ್ಲೂ ಸಿಗದೆ ಹೋಗಬಹುದು. ಕೊನೆಯ ತನಕ ಕಪ್ಪಾದ ತಂತಿಯನ್ನು ತೆಗೆದುಹಾಕಲೇಬೇಕಾಗುತ್ತದೆ. ಅದೂ ರಿಪೇರಿಯೇ. ಆದರೆ ಅದನ್ನು ತೀರ್ಮಾನಿಸಲು ಮೊದಲು ಬಿಚ್ಚಬೇಕು. ಸಮಾಧಾನ ಹೇಳುವ ನಾವು, ಸಮಾಧಾನ ನಮಗೋ ಅವಳಿಗೋ ಎಂದು ಒಮ್ಮೆ ಕೇಳಿಕೊಳ್ಳಬೇಕು. ‘ಹೊಂದಿಕೋ’ ಎನ್ನುವುದೂ ಕೆಲವು ಸಲ ಅಗತ್ಯವೇ, ಇಲ್ಲವೆನ್ನಲಾರೆ. ಮಳೆ ಬರುವ ರಾತ್ರಿ ಯಾರೂ ಕಪ್ಲರು ಬಿಚ್ಚುವುದಿಲ್ಲ. ಆದರೆ ಅದರ ಜೊತೆಗೆ, ‘ಇದು ಬೆಳಗಾಗುವ ತನಕ, ಆಮೇಲೆ ಕೂತು ನೋಡೋಣ’ ಎಂಬ ಮಾತೂ ಇರಲಿ. ಆ ಮಾತಿಲ್ಲದ ‘ಹೊಂದಿಕೋ’ಗಳ ಕೆಳಗೆ ಎಷ್ಟು ಹೆಣ್ಣುಮಕ್ಕಳ ಬದುಕು ಹಸಿರುಗಟ್ಟಿದೆಯೋ.

ಮದ್ದೂರಿನ ಆ ಹುಡುಗ ಕೊನೆಗೊಂದು ಕೆಲಸ ಮಾಡಿದ್ದ, ಹೇಳಲು ಮರೆತೆ. ಕೆಟ್ಟ ತುದಿಯನ್ನು ಕತ್ತರಿಸಿದ್ದರಿಂದ ತಂತಿ ಗಿಡ್ಡವಾಗಿತ್ತು. ಎಳೆದು ಕಟ್ಟಿದರೆ ಸಾಕಾಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಒಂದು ಗೇಣು ಹೊಸ ತಂತಿ ಸೇರಿಸಿ, ಸ್ವಲ್ಪ ಸಡಿಲವಾಗಿಯೇ ಬಿಟ್ಟು, ಸಡಿಲವಾದದ್ದನ್ನು ಮಡಚಿ ಕಟ್ಟಿದ. ಬಿಗಿಯಾಗಿ ಎಳೆದು ಕಟ್ಟಿದ ತಂತಿ ಕುಲುಕಿಗೆ ಬೇಗ ಕೀಳುತ್ತದೆ. ಮುಂದೆ ಎಂದಾದರೂ ಮತ್ತೆ ಕತ್ತರಿಸಿ ಮಾಡಬೇಕಾಗಿ ಬಂದರೆ ಮಾಡುವವನಿಗೆ ಅಷ್ಟು ಉದ್ದ ಬೇಕು. ಮುಂದೆ ಮಾಡುವವನು ತಾನೇ ಆಗಿರಬೇಕೆಂದೇನೂ ಇಲ್ಲ. ಯಾರೋ ಒಬ್ಬ, ಎಲ್ಲೋ ಒಂದು ಊರಿನಲ್ಲಿ.

ಹೀಗೆ ಮುಖ ಕಾಣದ ಒಬ್ಬರಿಗಾಗಿ ಒಂದು ಗೇಣು ಬಿಟ್ಟಿರುವುದನ್ನು ಯಾವ ಹೆಸರಿನಿಂದ ಕರೆಯಬೇಕೋ ನನಗೆ ತಿಳಿಯದು. ಧರ್ಮ ಎಂದರೆ ತೀರಾ ದೊಡ್ಡ ಮಾತಾದೀತು. ಕಸುಬು ಎಂದರೆ ಚಿಕ್ಕದಾದೀತು. ನಮ್ಮ ಮನೆಗಳಲ್ಲಿ, ನಮ್ಮ ಮಾತುಗಳಲ್ಲಿ, ಮಗಳನ್ನೋ ಸೊಸೆಯನ್ನೋ ಕಳಿಸಿಕೊಡುವ ಹೊತ್ತಿನಲ್ಲಿ, ಅಷ್ಟು ಉದ್ದವನ್ನು ನಾವು ಉಳಿಸಿದ್ದೇವೆಯೇ?